ಒಂದು ಗಂಟೆಗೆ ವಾಪಸ್: ಐಸ್‌ಲ್ಯಾಂಡಿನ ಚಳಿಗಾಲದಲ್ಲಿ ಒಂದು ದಿನದ ಸುತ್ತಾಟ

ನಾನು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಕೆಲಸಕ್ಕಿದ್ದೇನೆ. ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಅಂತ ಪ್ರತಿ ಚಳಿಗಾಲ ಯಾರಾದರೂ ಬಂದೇ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಒಂದು ದಿನದಲ್ಲಿ ಎಷ್ಟು ಜಾಗ ನೋಡಬಹುದು?

ಹಾಗೆ ಬಂದ ಒಂದು ಕುಟುಂಬದ ಒಂದು ದಿನವನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಅವತ್ತು ಯಾರಿಗೂ ಪೆಟ್ಟಾಗಲಿಲ್ಲ. ಅಪಘಾತ ಆದರೆ ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ. ತಪ್ಪಿಹೋದ ಅಪಘಾತ ಯಾವ ಹೊತ್ತಿನಲ್ಲಿ, ಯಾವ ಮಾತಿನಿಂದ ತಪ್ಪಿತು ಅನ್ನೋದು ಮರೆತೇ ಹೋಗುತ್ತದೆ. ಅದಕ್ಕೇ ಈ ಬರಹ. ಅವರ ಒಪ್ಪಿಗೆ ಇದೆ. ಹೆಸರು, ಊರು, ವರ್ಷ ಮೂರನ್ನೂ ಬಿಟ್ಟಿದ್ದೇನೆ.

ಹಿನ್ನೆಲೆ

ಬಂದವರು ನಾಲ್ಕು ಜನ. ನನ್ನ ಕಾಲೇಜು ಗೆಳೆಯ, ಅವನ ಹೆಂಡತಿ, ಎಂಟು ವರ್ಷದ ಮಗಳು, ಮತ್ತೆ ಗೆಳೆಯನ ತಾಯಿ. ತಾಯಿಗೆ 68 ವರ್ಷ, ಮೈಸೂರು ಕಡೆಯವರು. ಸಕ್ಕರೆ ಕಾಯಿಲೆ ಇದೆ, ದಿನಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಒಂದು ಮಂಡಿ ಆಪರೇಷನ್ ಆಗಿದೆ. ಗೆಳೆಯ ಇಂಗ್ಲೆಂಡಿನಲ್ಲಿದ್ದಾನೆ, ಹತ್ತು ವರ್ಷದಿಂದ ಕಾರು ಓಡಿಸುತ್ತಾನೆ. ಆದರೆ ಬೆಂಗಳೂರು, ಇಂಗ್ಲೆಂಡ್ ಎರಡರಲ್ಲೂ ಓಡಿಸುವುದು ರಸ್ತೆಯ ಎಡಗಡೆ. ಇಲ್ಲಿ ಬಲಗಡೆ. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಓಡಿಸಿ ಅವನಿಗೆ ಅಭ್ಯಾಸವಿರಲಿಲ್ಲ.

ಅವರು ಬಂದದ್ದು ಸಂಕ್ರಾಂತಿಯ ವಾರ. ಅಮ್ಮ ಇಂಗ್ಲೆಂಡಿನಲ್ಲೇ ಕೂತು ಕೊಬ್ಬರಿ, ಬೆಲ್ಲ ಹೆಚ್ಚಿ ಎಳ್ಳುಬೆಲ್ಲ ಮಾಡಿ ಡಬ್ಬಿ ತುಂಬಿಸಿ ತಂದಿದ್ದರು. ಮೊದಲ ದಿನ ಬೆಳಿಗ್ಗೆ ಪರದೆ ಸರಿಸಿ, "ಏನಪ್ಪಾ ಇದು, ಹತ್ತು ಗಂಟೆ ಆದ್ರೂ ಬೆಳಕೇ ಹರೀಲಿಲ್ವಲ್ಲ" ಅಂದರು. ಜನವರಿ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 11ಕ್ಕೆ. ಮುಳುಗುವುದು ಸಂಜೆ ನಾಲ್ಕೂಕಾಲರ ಸುಮಾರಿಗೆ. ಆಚೆ ಈಚೆ ಒಂದೊಂದು ಗಂಟೆ ಮಬ್ಬು ಬೆಳಕಿರುತ್ತದೆ. ಅಂದರೆ ನೋಡೋಕೆ ಅಂತ ಸಿಗುವುದು ಐದೂಕಾಲು ಗಂಟೆಯ ಹಗಲು, ಅಷ್ಟೇ.

ಗೆಳೆಯ ಹಾಕಿಕೊಂಡು ಬಂದಿದ್ದ ಯೋಜನೆ ಇದು: ಬೆಳಿಗ್ಗೆ ಹೊರಟು ದಕ್ಷಿಣ ಕರಾವಳಿಯ ರಸ್ತೆ ಹಿಡಿದು ಯೋಕುಲ್ಸಾರ್‌ಲೋನ್ ತನಕ ಹೋಗುವುದು. ಅದು ಹಿಮನದಿಯ ತುಂಡುಗಳು ತೇಲುವ ಕೆರೆ. ದಾರಿಯಲ್ಲಿ ಎರಡು ಜಲಪಾತ, ಒಂದು ಕಪ್ಪು ಮರಳಿನ ಕಡಲತೀರ. ರಾತ್ರಿ ಊಟಕ್ಕೆ ವಾಪಸ್. ಮೂರನೇ ದಿನ ಇದು, ನಾಲ್ಕನೇ ದಿನ ಬೆಳಿಗ್ಗೆ ವಿಮಾನ. ಫೋನಿನ ಮ್ಯಾಪು ಒಂದು ಕಡೆಗೆ ಐದು ಗಂಟೆ ಚಿಲ್ಲರೆ ತೋರಿಸಿತ್ತು. "ಬೆಂಗಳೂರಿಂದ ಮಂಗಳೂರಿಗೆ ಹೋಗಿ ಬಂದ ಹಾಗೆ ಕಣೋ, ಓಡಿಸ್ತೀನಿ ಬಿಡು" ಅಂದ.

ದೂರದ ಲೆಕ್ಕ ಸರಿಯೇ. ರೇಕ್ಯಾವಿಕ್‌ನಿಂದ ಆ ಕೆರೆಗೆ ಸುಮಾರು 370 ಕಿಲೋಮೀಟರ್. ಆದರೆ ಮ್ಯಾಪು ಹೇಳುವ ಹೊತ್ತು ಒಣ ರಸ್ತೆಯದು. ಆ ಹೊತ್ತಿನಲ್ಲೇ ಹೋದರೂ ಒಟ್ಟು ಹತ್ತು ಗಂಟೆಗಿಂತ ಜಾಸ್ತಿ ಕಾರಿನೊಳಗೆ, ಅದರಲ್ಲಿ ಅರ್ಧ ಕತ್ತಲಲ್ಲಿ.

ಅಡುಗೆಮನೆ ಮೇಜಿನ ಮೇಲೆ

ಅವರು ಬಂದ ರಾತ್ರಿಯೇ ಊಟ ಮುಗಿಸಿ ಮೇಜಿನ ಮೇಲೆ ಮ್ಯಾಪು ಹರಡಿಕೊಂಡು ಕೂತೆವು. ಅಮ್ಮ, ಮಗು ಇಬ್ಬರನ್ನೂ ಕೂರಿಸಿಕೊಂಡೆವು. ಇಡೀ ಪ್ರಕರಣದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಒಂದೂವರೆ ಗಂಟೆ. ಅದಕ್ಕೇ ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬದಲಾದದ್ದು ದಿನ. ವಿಮಾನದ ಹಿಂದಿನ ದಿನ ದೂರದ ಸುತ್ತಾಟ ಬೇಡ ಅಂದೆ. ರಸ್ತೆ ಮುಚ್ಚಿದರೆ ವಿಮಾನ ತಪ್ಪುತ್ತದೆ ಅನ್ನುವ ಭಯ ಹುಟ್ಟುತ್ತದೆ. ಆ ಭಯದಲ್ಲಿ ಜನ ಹೋಗಬಾರದ ಹೊತ್ತಲ್ಲಿ ಗಾಡಿ ಹೊರಡಿಸುತ್ತಾರೆ. ಹಾಗಾಗಿ ಸುತ್ತಾಟ ಎರಡನೇ ದಿನಕ್ಕೆ ಬಂತು, ಮೂರನೇ ದಿನ ಖಾಲಿ ಉಳಿಯಿತು. "ಖಾಲಿ ದಿನ ಸುಮ್ನೆ ವೇಸ್ಟ್ ಅಲ್ವಾ?" ಅಂತ ಗೆಳೆಯನ ಹೆಂಡತಿ ಕೇಳಿದರು. ರಜೆ ಹಾಕಿ, ದುಡ್ಡು ಕೊಟ್ಟು ಬಂದವರಿಗೆ ಹಾಗನ್ನಿಸುವುದು ಸಹಜ.

ಎರಡನೆಯದು ದೂರ. ಕೆರೆ ಬಿಟ್ಟೆವು. ಕಪ್ಪು ಮರಳಿನ ರೇನಿಸ್‌ಫ್ಯಾರಾ ತೀರವನ್ನೂ ಬಿಟ್ಟೆವು. ಅಲ್ಲಿ ಸಮುದ್ರ ಶಾಂತವಾಗಿದೆ ಅನ್ನಿಸುವಾಗಲೇ ಒಂದು ದೊಡ್ಡ ಅಲೆ ಮರಳಿನ ಮೇಲೆ ದೂರದ ತನಕ ಓಡಿಬಂದು ನಿಂತವರನ್ನು ಎಳೆದುಕೊಂಡು ಹೋಗುತ್ತದೆ. ಪ್ರವಾಸಿಗರು ಅಲ್ಲಿ ಸತ್ತಿದ್ದಾರೆ, ಒಂದು ಸಲವಲ್ಲ. ಮಂಡಿ ನೋವಿನ ಅಜ್ಜಿ, ಓಡಾಡುವ ಮಗು, ಇಳಿಯುತ್ತಿರುವ ಬೆಳಕು, ಈ ಮೂರನ್ನೂ ಇಟ್ಟುಕೊಂಡು ಅಲ್ಲಿಗೆ ಹೋಗುವ ಮನಸ್ಸು ನನಗಿರಲಿಲ್ಲ. ಉಳಿದದ್ದು ಎರಡು ಜಲಪಾತ: 125 ಕಿಲೋಮೀಟರ್ ದೂರದ ಸೆಲ್ಯಾಲಂಡ್ಸ್‌ಫೋಸ್, ಅಲ್ಲಿಂದ ಇನ್ನೊಂದು 30 ಕಿಲೋಮೀಟರ್ ಮುಂದೆ ಸ್ಕೋಗಾಫೋಸ್. ಎರಡೂ ಸುಮಾರು 60 ಮೀಟರ್ ಎತ್ತರದವು.

ಆಮೇಲೆ ಹವಾಮಾನ. ಗೆಳೆಯ ಫೋನಿನಲ್ಲಿ ರೇಕ್ಯಾವಿಕ್‌ನ ಹವಾಮಾನ ತೆಗೆದು, "ಮೈನಸ್ 2, ಮೋಡ, ಏನೂ ಇಲ್ಲ" ಅಂದ. ನಾವು ಹೋಗುತ್ತಿದ್ದದ್ದು ರೇಕ್ಯಾವಿಕ್‌ಗಲ್ಲ. ಐಸ್‌ಲ್ಯಾಂಡಿನ ಹವಾಮಾನ ಇಲಾಖೆಯ ಪುಟ ತೆಗೆದು ದಕ್ಷಿಣ ಭಾಗ ತೋರಿಸಿದೆ. ಅಲ್ಲಿ ಮರುದಿನ ಮಧ್ಯಾಹ್ನ 3ರಿಂದ ಗಾಳಿಗೆ ಹಳದಿ ಎಚ್ಚರಿಕೆ ಇತ್ತು. ಇಲ್ಲಿ ಎಚ್ಚರಿಕೆ ಮೂರು ಬಣ್ಣದಲ್ಲಿ ಬರುತ್ತದೆ: ಹಳದಿ, ಕಿತ್ತಳೆ, ಕೆಂಪು. ಹಳದಿ ಅಂದರೆ ಎಲ್ಲಕ್ಕಿಂತ ಕೆಳಗಿನದು ಅಂತ ಬಹಳ ಜನ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಎತ್ತರದ ಬಾಡಿಗೆ ಕಾರಿನಲ್ಲಿ, ಮಂಜುಗಡ್ಡೆಯ ರಸ್ತೆಯಲ್ಲಿ ಹೋಗುವವರಿಗೆ ಹಳದಿಯೇ ಸಾಕಷ್ಟು ದೊಡ್ಡದು.

ನಮ್ಮ ಕಡೆಯವರಿಗೆ ಚಳಿ ಅಂದರೆ ಥರ್ಮಾಮೀಟರಿನ ಅಂಕಿ. ಇಲ್ಲಿನವರು ಮೊದಲು ನೋಡುವುದು ಗಾಳಿಯನ್ನು. ಅದನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ಹೇಳುತ್ತಾರೆ. 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. 20 ಅಂದರೆ 72 ಕಿಲೋಮೀಟರ್, 30 ಅಂದರೆ 108. ಮೈನಸ್ 3ರ ಚಳಿಯಲ್ಲಿ 20ರ ಗಾಳಿ ಬೀಸಿದರೆ ಬಟ್ಟೆ ಮುಚ್ಚದ ಚರ್ಮಕ್ಕೆ ಅದು ಸುಮಾರು ಮೈನಸ್ 14ರ ಹಾಗೆ ತಾಗುತ್ತದೆ. ಇನ್ನೂ ಒಂದಿದೆ. ಗಾಳಿಯ ವೇಗ ಎರಡರಷ್ಟಾದರೆ ಅದು ಗಾಡಿಯನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಸ್ಕೋಗಾಫೋಸ್ ಕಡೆಯ ರಸ್ತೆ ಏಯಾಫ್ಯಾಟ್ಲಾಯೊಕುಲ್ ಬೆಟ್ಟದ ಬುಡದಲ್ಲೇ ಹೋಗುತ್ತದೆ. 2010ರಲ್ಲಿ ಬೂದಿ ಉಗುಳಿ ಯುರೋಪಿನ ಬಹಳಷ್ಟು ವಿಮಾನಗಳನ್ನು ನಿಲ್ಲಿಸಿದ ಜ್ವಾಲಾಮುಖಿ ಅದೇ. ಪೂರ್ವದ ಕಡೆಯಿಂದ ಗಾಳಿ ಎದ್ದರೆ ಆ ಬೆಟ್ಟದ ಮೇಲಿಂದ ಜಾರಿ ರಸ್ತೆಯ ಮೇಲೆ ಬೀಳುತ್ತದೆ. ಬಯಲಲ್ಲಿ 15 ಇದ್ದಾಗ ಅಲ್ಲಿ ಒಂದೊಂದು ಹೊಡೆತ ಅದರ ಎರಡರಷ್ಟಿರಬಹುದು. ಮರುದಿನ ಗಾಳಿ ಪೂರ್ವದ್ದೇ ಇತ್ತು.

ಹಾಗಾದರೆ ಹೋಗುವುದೇ ಬೇಡವೇ? ಅದನ್ನೂ ಮಾತಾಡಿದೆವು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಮುನ್ಸೂಚನೆ ಚೆನ್ನಾಗಿತ್ತು. ಹೋಗೋಣ, ಆದರೆ ವಾಪಸ್ ತಿರುಗುವ ಹೊತ್ತನ್ನು ಈಗಲೇ ಬರೆದಿಡೋಣ ಅಂದೆ. ಮಗುವಿನ ಕೈಗೆ ಕಾಗದ ಕೊಟ್ಟೆ. ಅವಳು ದೊಡ್ಡ ಅಕ್ಷರದಲ್ಲಿ ಬರೆದಳು: "9ಕ್ಕೆ ಹೊರಡುವುದು. ಎಲ್ಲೇ ಇರಲಿ, 1ಕ್ಕೆ ವಾಪಸ್." ಕೆಳಗೆ ಎಲ್ಲರೂ ಸಹಿ ಹಾಕಿದೆವು, ಅಮ್ಮನೂ. ಗೆಳೆಯ ಅದನ್ನು ಮಗುವಿನ ಆಟ ಅಂದುಕೊಂಡು ನಗುತ್ತಾ ಸಹಿ ಮಾಡಿದ.

ಬಸ್ಸಿನ ವಿಷಯವೂ ಬಂತು. ಇದೇ ಜಾಗಗಳಿಗೆ ರೇಕ್ಯಾವಿಕ್‌ನಿಂದ ದಿನಾ ಪ್ರವಾಸಿ ಬಸ್ಸುಗಳು ಹೋಗುತ್ತವೆ. ಆ ಡ್ರೈವರುಗಳಿಗೆ ರಸ್ತೆಯ ಅಂಗುಲ ಅಂಗುಲ ಗೊತ್ತು. ಅಮ್ಮನಿಗೆ ಆಗಾಗ ನಿಲ್ಲಿಸಬೇಕಾಗುತ್ತೆ ಅಂತ ಗೆಳೆಯ ಬೇಡ ಅಂದ. ಬಾಡಿಗೆ ಕಾರಿಗೆ ನನ್ನ ಹೆಸರನ್ನೂ ಎರಡನೇ ಡ್ರೈವರಾಗಿ ಸೇರಿಸಿ, ಬೆಟ್ಟದ ಭಾಗ ನಾನು, ಬಯಲಿನ ಭಾಗ ಅವನು ಅಂತ ಒಪ್ಪಂದವಾಯಿತು. ಈಗ ಯೋಚಿಸಿದರೆ, ನಾನು ಬಸ್ಸಿಗೇ ಇನ್ನೂ ಸ್ವಲ್ಪ ಒತ್ತಾಯ ಮಾಡಬೇಕಿತ್ತು.

ಕೊನೆಗೆ ಬಟ್ಟೆ, ಔಷಧಿ. ಅಮ್ಮ ಸೀರೆಯಲ್ಲೇ ಬರ್ತೀನಿ ಅಂದರು. ಸೀರೆಯ ಅಂಚು ಹಿಮದಲ್ಲಿ ಒದ್ದೆಯಾಗಿ ಗಟ್ಟಿಯಾಗುತ್ತೆ, ಕಾಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಸೊಸೆ ಮೆಲ್ಲಗೆ ಹೇಳಿ ಉಣ್ಣೆಯ ಒಳಉಡುಪು, ಅದರ ಮೇಲೆ ಗಾಳಿ ತಡೆಯುವ ಪ್ಯಾಂಟಿಗೆ ಒಪ್ಪಿಸಿದರು. ಮೈಗೆ ತಾಗುವ ಬಟ್ಟೆ ಕಾಟನ್ ಇರಬಾರದು. ಅದು ಬೆವರು ಹೀರಿ ಒದ್ದೆಯಾದರೆ ಒಣಗುವುದಿಲ್ಲ, ಮೈಯನ್ನೇ ತಣ್ಣಗೆ ಮಾಡುತ್ತದೆ. ಇನ್ಸುಲಿನ್ ಪೆನ್ನು ಕಾರಿನ ಡಿಕ್ಕಿಯಲ್ಲಿಡುವ ಬ್ಯಾಗಿನಲ್ಲಿತ್ತು. ಅದನ್ನು ತೆಗೆಸಿ ಕೋಟಿನ ಒಳಜೇಬಿಗೆ ಹಾಕಿಸಿದೆವು. ಇನ್ಸುಲಿನ್ ಒಂದು ಸಲ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವ ಹಾಗಿಲ್ಲ, ಎಸೆಯಬೇಕು. ಸಕ್ಕರೆ ನೋಡುವ ಮಿಷನ್ ಕೂಡ ಜಾಸ್ತಿ ತಣ್ಣಗಾದರೆ ಕೆಲಸ ಮಾಡುವುದಿಲ್ಲ, ಅದೂ ಒಳಜೇಬಿಗೆ ಹೋಯಿತು. ಎಲ್ಲರ ಬೂಟಿಗೂ ಮೊಳೆಪಟ್ಟಿ ತಂದಿದ್ದೆ. ಅದು ಬೂಟಿನ ಮೇಲೆ ಎಳೆದು ಹಾಕುವ ರಬ್ಬರಿನ ಬಲೆ, ಅಡಿಯಲ್ಲಿ ಸಣ್ಣ ಸಣ್ಣ ಉಕ್ಕಿನ ಹಲ್ಲುಗಳಿರುತ್ತವೆ.

ಆ ದಿನ

9ಕ್ಕೆ ಹೊರಡಬೇಕಿತ್ತು. ಹೊರಟಾಗ 9:40. ಮಗುವಿನ ಒಂದು ಕೈಗವಸು ಸಿಕ್ಕಲಿಲ್ಲ, ಅಮ್ಮನ ತಿಂಡಿ, ಔಷಧಿಯ ಹೊತ್ತು, ಹೀಗೆ. ಮನೆ ಬಿಡುವ ಮುಂಚೆ ರಸ್ತೆ ಇಲಾಖೆಯ ಪುಟ ನೋಡಿದೆ. ಅದರಲ್ಲಿ ದೇಶದ ಒಂದೊಂದು ರಸ್ತೆಯೂ ಅವತ್ತಿನ ಸ್ಥಿತಿಗೆ ತಕ್ಕ ಬಣ್ಣದಲ್ಲಿರುತ್ತದೆ, ಕೆಂಪು ಅಂದರೆ ಮುಚ್ಚಿದೆ. ನಮ್ಮ ರಸ್ತೆ ತೆರೆದಿತ್ತು, ಅಲ್ಲಲ್ಲಿ ಜಾರಿಕೆ ಅಂತಿತ್ತು.

ಊರು ದಾಟಿದ ಕೂಡಲೇ ಹೆಲ್ಲಿಸ್‌ಹೇಯ್ದಿ ಅನ್ನುವ ಎತ್ತರದ ಬಯಲು ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 370 ಮೀಟರ್ ಅಷ್ಟೇ, ನಮ್ಮ ಚಾಮುಂಡಿ ಬೆಟ್ಟಕ್ಕಿಂತ ಎಷ್ಟೋ ಕೆಳಗೆ. ಆದರೆ ರೇಕ್ಯಾವಿಕ್‌ನಿಂದ ದಕ್ಷಿಣಕ್ಕೆ ಹೋಗುವ ಮುಖ್ಯ ರಸ್ತೆ ಅದರ ಮೇಲೇ ಹಾದುಹೋಗುವುದರಿಂದ ಚಳಿಗಾಲದಲ್ಲಿ ಎಲ್ಲರ ಕಣ್ಣು ಅದರ ಮೇಲಿರುತ್ತದೆ. ಆಕಾಶದಲ್ಲಿ ಆಗಷ್ಟೇ ನೀಲಿ ಮೂಡುತ್ತಿತ್ತು. ಹಿಮ ಬೀಳುತ್ತಿರಲಿಲ್ಲ. ಆದರೆ ಮೊದಲೇ ಬಿದ್ದಿದ್ದ ಒಣ ಹಿಮ ಗಾಳಿಗೆ ಎದ್ದು ರಸ್ತೆಯ ಮೇಲೆ ಹಿಟ್ಟಿನ ಹಾಗೆ ಹರಿಯುತ್ತಿತ್ತು. ಒಂದು ಮೊಣಕಾಲೆತ್ತರ, ಅಷ್ಟೇ. ಅದರ ಮೇಲೆ ಎಲ್ಲ ತಿಳಿ, ಅದರ ಕೆಳಗೆ ರಸ್ತೆಯೇ ಇಲ್ಲ. ದೀಪದ ಬೆಳಕಲ್ಲಿ ನೂರಾರು ಬಿಳಿ ಹಾವುಗಳು ಅಡ್ಡಡ್ಡ ಹರಿದುಹೋದ ಹಾಗೆ ಕಾಣುತ್ತದೆ. ಅದನ್ನೇ ನೋಡುತ್ತಿದ್ದರೆ ನಮ್ಮ ಗಾಡಿಯೇ ಪಕ್ಕಕ್ಕೆ ಸರಿಯುತ್ತಿದೆ ಅನ್ನಿಸುತ್ತದೆ. ನಾನು ರಸ್ತೆ ಬದಿಯ ಹಳದಿ ಗೂಟಗಳನ್ನೇ ನೋಡಿಕೊಂಡು ನಿಧಾನವಾಗಿ ಓಡಿಸಿದೆ. ಮಿತಿ 90 ಇದ್ದರೂ 50 ದಾಟಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಮಾತು ನಿಲ್ಲಿಸಿದ್ದರು.

ಇಳಿಜಾರು ಇಳಿದು ಕ್ವೆರಗೆರ್ದಿ, ಅದಾದ ಮೇಲೆ ಸೆಲ್ಫೋಸ್ ಪೇಟೆ. ಅಲ್ಲಿ ಶೌಚ, ಕಾಫಿ, ಎಳ್ಳುಬೆಲ್ಲ. 25 ನಿಮಿಷ ಹೋಯಿತು. ಅಲ್ಲಿಂದ ಮುಂದೆ ಬಯಲು, ಗೆಳೆಯ ಸ್ಟೀರಿಂಗ್ ಹಿಡಿದ. ಚೆನ್ನಾಗಿಯೇ ಓಡಿಸಿದ. ಅಷ್ಟೊತ್ತಿಗೆ ಸೂರ್ಯ ಬಂದು ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎಲ್ಲರ ಮನಸ್ಸು ಹಗುರಾಯಿತು. ಕಾರಿಗೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇತ್ತು, ಮೊಳೆ ಟೈರು ಇತ್ತು. "ನೋಡು, ಎಷ್ಟು ಗಟ್ಟಿ ಹಿಡೀತದೆ" ಅಂದ. ನಾಲ್ಕು ಚಕ್ರದ ಬಲ ಗಾಡಿ ಹೊರಡೋಕೆ, ಏರೋಕೆ ಸಹಾಯ ಮಾಡುತ್ತದೆ. ಬ್ರೇಕ್ ಹಾಕಿದಾಗ ನಿಲ್ಲಿಸುವುದು ಟೈರು, ಅಷ್ಟೇ. ಅದನ್ನು ನಾನು ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ.

ಸೆಲ್ಯಾಲಂಡ್ಸ್‌ಫೋಸ್ ಪಾರ್ಕಿಂಗ್ ಮುಟ್ಟಿದಾಗ 12:25. ಯೋಜನೆಗಿಂತ ಒಂದು ಗಂಟೆಗೂ ಜಾಸ್ತಿ ತಡ.

ಅಲ್ಲಿ ಎರಡು ಘಟನೆ ಒಂದರ ಹಿಂದೊಂದು ಆದವು. ಗೆಳೆಯ ಖಾಲಿ ಇದ್ದ ಕಡೆ ಗಾಡಿ ನುಗ್ಗಿಸಿ ನಿಲ್ಲಿಸಿದ. ಗಾಳಿ ಹಿಂದಿನಿಂದ ಬೀಸುತ್ತಿತ್ತು, ಯಾರೂ ಗಮನಿಸಲಿಲ್ಲ. ಮಗು ಉತ್ಸಾಹದಲ್ಲಿ ಬಾಗಿಲ ಹಿಡಿ ಎಳೆದಳು. ಬಾಗಿಲು ಅವಳ ಕೈಯಿಂದ ಕಿತ್ತುಕೊಂಡು ಪೂರ್ತಿ ತೆರೆದು, ಕೀಲಿನ ಹತ್ತಿರ "ಟಕ್" ಅಂತ ಸದ್ದಾಯಿತು. ಅವಳು ಹಿಡಿಯನ್ನು ಬಿಟ್ಟಿದ್ದರಿಂದ ಬಚಾವ್. ಗಟ್ಟಿಯಾಗಿ ಹಿಡಿದಿದ್ದರೆ ಬಾಗಿಲಿನ ಜೊತೆಗೇ ಹೊರಗೆ ಬೀಳುತ್ತಿದ್ದಳು. ಆಮೇಲೆ ಆ ಬಾಗಿಲು ಮುಚ್ಚುವಾಗ ಮೇಲಕ್ಕೆ ಎತ್ತಿ ತಳ್ಳಬೇಕಾಯಿತು. ಕೀಲು ಬಾಗಿತ್ತು. ಗಾಳಿಗೆ ಬಾಗಿಲು ಹಾಳಾದರೆ ಇಲ್ಲಿ ಸಾಮಾನ್ಯ ಬಾಡಿಗೆ ವಿಮೆಯಲ್ಲಿ ದುಡ್ಡು ಸಿಗುವುದಿಲ್ಲ. ಅವರ ಕೈಯಿಂದಲೇ ಹೋಯಿತು. ಇದು ನನ್ನ ತಪ್ಪು. ಗಾಡಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು, ಒಂದು ಸಲಕ್ಕೆ ಒಂದೇ ಬಾಗಿಲು, ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕು. ಇದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಹಿಂದಿನ ರಾತ್ರಿ ಗಾಳಿಯ ಬಗ್ಗೆ ಅಷ್ಟೆಲ್ಲ ಹೇಳಿದವನು ಇದೊಂದನ್ನು ಹೇಳಿರಲಿಲ್ಲ.

ಜಲಪಾತದ ತುಂತುರು ಗಾಳಿಗೆ ಹಾರಿ ಕಾಲುದಾರಿಯ ಮೇಲೆಲ್ಲ ಗಾಜಿನಂತೆ ಕಟ್ಟಿಕೊಂಡಿತ್ತು. ಜಲಪಾತದ ಹಿಂದೆ ಹೋಗುವ ದಾರಿಯನ್ನು ಹಗ್ಗ ಕಟ್ಟಿ ಮುಚ್ಚಿದ್ದರು. ಆದರೂ ನಮ್ಮ ಕಣ್ಣೆದುರೇ ಇಬ್ಬರು ಹಗ್ಗ ದಾಟಿ ಹೋದರು. ಅಮ್ಮನ ಬೂಟಿಗೆ ಮೊಳೆಪಟ್ಟಿ ಹಾಕಿ, ನಾನು ಒಂದು ಕೈ, ಸೊಸೆ ಒಂದು ಕೈ ಹಿಡಿದುಕೊಂಡೆವು. ಇಪ್ಪತ್ತು ಹೆಜ್ಜೆ ಹೋಗಿ ನಿಂತೆವು. ಅಲ್ಲಿಂದಲೇ ಚೆನ್ನಾಗಿ ಕಾಣುತ್ತಿತ್ತು. ಬಂಡೆಯ ಅಂಚಿನಿಂದ ಆಳೆತ್ತರದ ಹಿಮದ ಕೋಲುಗಳು ನೇತಾಡುತ್ತಿದ್ದವು, ನಡುವೆ ನೀರು ಬಿಳಿಯಾಗಿ ಬೀಳುತ್ತಿತ್ತು. ಅಮ್ಮ ಕೈ ಮುಗಿದರು. "ಗಂಗೆ ಅಲ್ವೇನೋ, ಎಲ್ಲಿದ್ರೂ ಗಂಗೆ" ಅಂದರು.

ತಿರುವು

ಕಾರಿಗೆ ವಾಪಸ್ ಬಂದಾಗ ಒಂದಕ್ಕೆ ಎಂಟು ನಿಮಿಷ ಬಾಕಿ. ಸ್ಕೋಗಾಫೋಸ್ 30 ಕಿಲೋಮೀಟರ್, ಇಪ್ಪತ್ತೈದು ನಿಮಿಷದ ದಾರಿ. ಬಿಸಿಲಿತ್ತು. ಎಚ್ಚರಿಕೆ ಶುರುವಾಗೋದು 3ಕ್ಕೆ. "ಹೋಗಿ ಹತ್ತು ನಿಮಿಷ ನಿಂತು ಬಂದ್ಬಿಡೋಣ, ಎರಡಕ್ಕೆ ಇಲ್ಲೇ ಇರ್ತೀವಿ" ಅಂದ ಗೆಳೆಯ. ಅವನ ಮಾತಿನಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೋಗಬೇಕು ಅನ್ನಿಸಿತು. ಇಷ್ಟು ದೂರದಿಂದ ಬಂದಿದ್ದಾರೆ, ಅಮ್ಮ ಇನ್ನೊಂದು ಸಲ ಬರುತ್ತಾರೋ ಇಲ್ಲವೋ.

ಫೋನಿನಲ್ಲಿ ರಸ್ತೆ ಇಲಾಖೆಯ ಪುಟ ತೆಗೆದೆ. ಮುಖ್ಯ ರಸ್ತೆಗಳ ಪಕ್ಕ ಅಲ್ಲಲ್ಲಿ ಗಾಳಿ ಅಳೆಯುವ ಕಂಬಗಳಿವೆ. ಅವು ಕಳಿಸುವ ಅಂಕಿ ಆ ಪುಟದಲ್ಲೂ, ರಸ್ತೆ ಬದಿಯ ಬೋರ್ಡುಗಳಲ್ಲೂ ಕಾಣುತ್ತದೆ. ಬೆಟ್ಟದ ಬುಡದ ಕಂಬದಲ್ಲಿ ಗಾಳಿ 17, ಹೊಡೆತ 27 ಅಂತಿತ್ತು. ಬೆಳಿಗ್ಗೆ ಹೊರಡುವಾಗ ಅದೇ ಕಂಬದಲ್ಲಿ ಹೊಡೆತ 14 ಇತ್ತು. ಎಚ್ಚರಿಕೆಯ ಹೊತ್ತು ಇಡೀ ದಕ್ಷಿಣ ಭಾಗಕ್ಕೆ ಹೇಳಿದ್ದು. ಬೆಟ್ಟದ ಬುಡದಲ್ಲಿ ಗಾಳಿ ಆಗಲೇ ಬಂದುಬಿಟ್ಟಿತ್ತು.

ಗೆಳೆಯ ಆ ಅಂಕಿಯನ್ನು ನೋಡಿದ. "27 ಅಂದ್ರೆ?" "ಗಂಟೆಗೆ 97 ಕಿಲೋಮೀಟರ್. ಪಕ್ಕದಿಂದ." ಅವನು ಸುಮ್ಮನಾದ. ಆಮೇಲೂ, "ಬರೀ ಅರ್ಧ ಗಂಟೆ ಕಣೋ" ಅಂದ.

ಆಗ ಹಿಂದಿನ ಸೀಟಿನಿಂದ ಮಗು ಕೋಟಿನ ಜೇಬಿನಿಂದ ಕಾಗದ ತೆಗೆದು, "ಅಪ್ಪಾ, ಎಲ್ಲೇ ಇರಲಿ ಅಂತ ಬರ್ದಿದೀವಲ್ಲ" ಅಂದಳು. ಅಮ್ಮ, "ಸೈನ್ ಹಾಕಿದ್ದೀಯ ಅಲ್ವಾ, ನಡಿ ಮನೆಗೆ" ಅಂದರು. ಅವನು ಒಂದು ನಿಮಿಷ ಸ್ಟೀರಿಂಗ್ ಹಿಡಿದು ಕೂತಿದ್ದ. ಆಮೇಲೆ ಬೀಗದ ಕೈ ನನ್ನ ಕೈಗೆ ಕೊಟ್ಟು ಪಕ್ಕದ ಸೀಟಿಗೆ ಬಂದ. ಒಂದಕ್ಕೆ ಸರಿಯಾಗಿ ಗಾಡಿ ಪಶ್ಚಿಮಕ್ಕೆ ತಿರುಗಿತು.

ಆ ಕಾಗದ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದು ನನ್ನ ಮಾತು, ಅವನ ಮಾತು ಅಂತ ಜಗಳವಾಗುತ್ತಿತ್ತು. ಅತಿಥಿಯ ಮನಸ್ಸು ನೋಯಿಸಬಾರದು ಅಂತ ನಾನು ಸೋಲುತ್ತಿದ್ದೆನೇನೋ. ಕಾಗದ ಇದ್ದದ್ದರಿಂದ ಸೋಲು ಗೆಲುವಿನ ಪ್ರಶ್ನೆಯೇ ಬರಲಿಲ್ಲ. ಬೆಚ್ಚಗಿನ ಮನೆಯಲ್ಲಿ, ಹೊಟ್ಟೆ ತುಂಬಿದ ಮೇಲೆ, ಜಲಪಾತ ಕಣ್ಣೆದುರಿಲ್ಲದಾಗ ನಾವೇ ಮಾಡಿದ ತೀರ್ಮಾನ ಅದು.

ಬೆಟ್ಟದ ಈಚೆ

ಸೆಲ್ಫೋಸ್‌ಗೆ ಬಂದಾಗ 2:20. ಆಕಾಶ ಬೂದಿಯಾಗಿತ್ತು. ಪೆಟ್ರೋಲ್ ಬಂಕಿನ ಒಳಗೆ ಗೋಡೆಯ ಪರದೆಯಲ್ಲಿ ರಸ್ತೆಗಳ ನಕ್ಷೆ. ಅದರಲ್ಲಿ ಹೆಲ್ಲಿಸ್‌ಹೇಯ್ದಿ ಕೆಂಪಾಗಿತ್ತು. ಪಕ್ಕದ ಇನ್ನೊಂದು ದಾರಿ ಥ್ರೆಂಗ್ಸ್ಲಿ, ಅದೂ ಕೆಂಪು. ಗಾಳಿ ಇಷ್ಟು ಬೇಗ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಗೆಳೆಯ ಫೋನಿನ ಮ್ಯಾಪಿನಲ್ಲಿ ಮೂರನೇ ದಾರಿ ಹುಡುಕಿದ: ದಕ್ಷಿಣದ ಕಡಲಂಚಿನಲ್ಲಿ ಸುತ್ತಿಕೊಂಡು ಗ್ರಿಂಡಾವಿಕ್ ಮೇಲೆ ರೇಕ್ಯಾವಿಕ್‌ಗೆ. ಮ್ಯಾಪು ಅದನ್ನು ನೀಲಿ ಗೆರೆಯಲ್ಲಿ ತೋರಿಸುತ್ತಿತ್ತು, ಏನೂ ತೊಂದರೆಯೇ ಇಲ್ಲ ಅನ್ನುವ ಹಾಗೆ. ಆ ದಾರಿಯಲ್ಲಿ ಬಹಳ ದೂರ ಮನೆಯೇ ಸಿಗುವುದಿಲ್ಲ. 2023ರ ಕೊನೆಯಿಂದ ಗ್ರಿಂಡಾವಿಕ್ ಹತ್ತಿರ ಭೂಮಿ ಮತ್ತೆ ಮತ್ತೆ ಬಾಯಿಬಿಟ್ಟು ಲಾವಾ ಹರಿದಿದೆ. ಮುಖ್ಯ ರಸ್ತೆಯನ್ನೇ ಮುಚ್ಚಿರುವಾಗ ಮನುಷ್ಯರಿಲ್ಲದ ಸುತ್ತುದಾರಿ ಹಿಡಿಯುವುದು ಬೇಡವೇ ಬೇಡ ಅಂದೆ. ಈ ಸಲ ಅವನು ವಾದ ಮಾಡಲಿಲ್ಲ.

ಹಿಂದಿನ ರಾತ್ರಿಯೇ ಹೆಲ್ಲಿಸ್‌ಹೇಯ್ದಿ ಬೆಟ್ಟದ ಈಚೆ ಉಳಿದುಕೊಳ್ಳೋಕೆ ಎರಡು ಜಾಗದ ಫೋನ್ ನಂಬರು ಬರೆದಿಟ್ಟಿದ್ದೆ. ಕ್ವೆರಗೆರ್ದಿಯ ಒಂದು ಸಣ್ಣ ವಸತಿಗೃಹಕ್ಕೆ ಫೋನ್ ಮಾಡಿದೆ. ಎರಡು ಕೋಣೆ ಇತ್ತು. ಆಮೇಲೆ ಒಂದು ಗಂಟೆಯಲ್ಲಿ, ಬೆಟ್ಟದ ಬುಡಕ್ಕೆ ಬಂದು ವಾಪಸಾದ ಕಾರುಗಳಿಂದ ಅಲ್ಲಿನ ಅಂಗಳ ತುಂಬಿಹೋಯಿತು. ನಮ್ಮ ಅದೃಷ್ಟ, ಅರ್ಧ ಗಂಟೆ ಮುಂಚೆ ಸೆಲ್ಫೋಸ್ ಮುಟ್ಟಿದ್ದೆವು.

ಕ್ವೆರಗೆರ್ದಿ ನೆಲದಿಂದ ಬಿಸಿ ಆವಿ ಏಳುವ ಊರು. ಆ ಶಾಖದಲ್ಲೇ ಗಾಜಿನ ಮನೆಗಳಲ್ಲಿ ಟೊಮೇಟೊ, ಸೌತೆಕಾಯಿ, ಹೂವು ಬೆಳೆಯುತ್ತಾರೆ. ಅಲ್ಲಿನ ಕೃಷಿ ಶಾಲೆಯ ಗಾಜಿನ ಮನೆಯಲ್ಲಿ ಬಾಳೆಯೂ ಇದೆ ಅಂದಾಗ ಅಮ್ಮ ನಂಬಲಿಲ್ಲ. ಕೋಣೆಯ ಕಿಟಕಿಯಿಂದ ಹೊರಗೆ ನೋಡುತ್ತಾ, ಹಿಮದ ನಡುವೆ ಆವಿ ಏಳುವುದನ್ನು ಮೊಮ್ಮಗಳಿಗೆ ತೋರಿಸುತ್ತಾ ಕೂತರು. ಒಳಜೇಬಿನ ಇನ್ಸುಲಿನ್ ಹೊತ್ತಿಗೆ ಸರಿಯಾಗಿ ತಗೊಂಡರು. ರಾತ್ರಿಗೂ ಬೆಳಿಗ್ಗೆಗೂ ಔಷಧಿ ಇತ್ತು. ಒಂದು ದಿನದ ಸುತ್ತಾಟಕ್ಕೆ ಎರಡು ದಿನದ ಔಷಧಿ ಅಂತ ಸೊಸೆ ತಾವಾಗಿಯೇ ಹಾಕಿಕೊಂಡಿದ್ದರು. ಅದು ನನಗೂ ಹೊಳೆದಿರಲಿಲ್ಲ.

ರಾತ್ರಿ ಒಂಬತ್ತರ ಹತ್ತಿರ ರಸ್ತೆ ತೆರೆಯಿತು. ಗೆಳೆಯ ಫೋನು ತೋರಿಸಿ, "ಓಪನ್ ಆಯ್ತು, ಹೊರಡೋಣ್ವಾ?" ಅಂದ. ಇಲ್ಲೂ ಒಂದು ತೀರ್ಮಾನ ಬೇಕಿತ್ತು. ರಸ್ತೆ ತೆರೆದಿದೆ ಅಂದರೆ ಹಿಮ ತಳ್ಳುವ ಗಾಡಿ ಹಾದುಹೋಗಿದೆ ಅಂತ ಅರ್ಥ. ಓಡಿಸುವವನು ಎಷ್ಟು ದಣಿದಿದ್ದಾನೆ ಅನ್ನೋದು ಆ ಪುಟದಲ್ಲಿ ಬರುವುದಿಲ್ಲ. ಮಗು ಮಲಗಿತ್ತು, ನನ್ನ ಕಣ್ಣು ಉರಿಯುತ್ತಿತ್ತು. ನಾಳೆ ಖಾಲಿ ದಿನ, ವಿಮಾನ ನಾಡಿದ್ದು. ಉಳಿದುಕೊಂಡೆವು.

ಬೆಳಿಗ್ಗೆ ಗಾಳಿ ಸತ್ತುಹೋಗಿತ್ತು. ಹತ್ತೂವರೆಗೆ ಹೊರಟು ಮುಕ್ಕಾಲು ಗಂಟೆಯಲ್ಲಿ ಬೆಟ್ಟ ದಾಟಿದೆವು. ರಸ್ತೆ ಬದಿಯಲ್ಲಿ ಹಿಂದಿನ ಸಂಜೆ ಜಾರಿ ಗುಂಡಿಗೆ ಇಳಿದ ಮೂರು ಕಾರುಗಳನ್ನು ದಾಟಿದೆವು. ಮೂರರಲ್ಲೂ ಯಾರೂ ಇರಲಿಲ್ಲ. ಅವರನ್ನು ರಾತ್ರಿ ಯಾರೋ ಹೋಗಿ ಕರೆದುಕೊಂಡು ಬಂದಿರುತ್ತಾರೆ. ಇಲ್ಲಿ ಆ ಕೆಲಸ ಮಾಡುವವರು ಬಹಳ ಮಟ್ಟಿಗೆ ಸ್ವಯಂಸೇವಕರು. ತಮ್ಮ ಮನೆ, ಊಟ ಬಿಟ್ಟು ಬರುವವರು, ಸಂಬಳವಿಲ್ಲ. 112ಕ್ಕೆ ಫೋನ್ ಮಾಡಿದರೆ ಬರುತ್ತಾರೆ. ಆದರೆ ನಮ್ಮನ್ನು ಹುಡುಕಿಕೊಂಡು ಅವರೂ ಅದೇ ಗಾಳಿಯಲ್ಲಿ ಬರಬೇಕು. ನಾನು ಅತಿಥಿಗಳಿಗೆ ಇದನ್ನು ಬಿಡದೆ ಹೇಳುತ್ತೇನೆ.

ಆಮೇಲೆ ಬದಲಾದದ್ದು

ಆ ಕುಟುಂಬದ ಖರ್ಚು: ಒಂದು ರಾತ್ರಿಯ ಎರಡು ಕೋಣೆ, ಒಂದು ಬಾಗಿಲಿನ ಕೀಲು, ನೋಡದೆ ಉಳಿದ ಸ್ಕೋಗಾಫೋಸ್. ಕಡಿಮೆ ಖರ್ಚಲ್ಲ. ಗೆಳೆಯ ಎರಡು ದಿನ ಸ್ವಲ್ಪ ಮಂಕಾಗಿದ್ದ, ಅದನ್ನು ಮುಚ್ಚಿಡುವುದಿಲ್ಲ. ವಿಮಾನ ಹತ್ತುವಾಗ, "ಖಾಲಿ ದಿನ ಇಟ್ಟಿದ್ದು ಒಳ್ಳೇದಾಯ್ತು" ಅಂತ ಅವನ ಹೆಂಡತಿಯೇ ಹೇಳಿದರು.

ಹವಾಮಾನದ ಪುಟ ನೋಡಿದ್ದೆವು, ಟೈರು ಚೆನ್ನಾಗಿತ್ತು, ಬಟ್ಟೆ ಸರಿಯಿತ್ತು. ಇವೆಲ್ಲ ಬೇಕು. ಆದರೆ ಒಂದು ಗಂಟೆಗೆ ಬಿಸಿಲಿನಲ್ಲಿ ನಿಂತಾಗ ಅವು ಯಾವುವೂ ನಮ್ಮನ್ನು ತಿರುಗಿಸುತ್ತಿರಲಿಲ್ಲ. ತಿರುಗಿಸಿದ್ದು ಮೊದಲೇ ಒಪ್ಪಿಕೊಂಡ ಹೊತ್ತು. ಆ ಹೊತ್ತನ್ನು ಪಾಲಿಸುವ ಧೈರ್ಯ ಕೊಟ್ಟದ್ದು ಖಾಲಿ ದಿನ, ಎರಡು ಫೋನ್ ನಂಬರು, ಎರಡು ದಿನದ ಔಷಧಿ. ತಡವಾಗಿ ಹೊರಟಾಗ ವಾಪಸಾಗುವ ಹೊತ್ತನ್ನು ಮುಂದಕ್ಕೆ ತಳ್ಳಲಿಲ್ಲ, ನೋಡುವ ಜಾಗವನ್ನು ಕಡಿಮೆ ಮಾಡಿದೆವು. ಬಹಳ ಜನ ಎಡವುವುದು ಅಲ್ಲೇ. ಬೆಳಿಗ್ಗೆ ನಲವತ್ತು ನಿಮಿಷ ತಡವಾದರೆ ಸಂಜೆ ನಲವತ್ತು ನಿಮಿಷ ಸೇರಿಸಿಕೊಳ್ಳುತ್ತಾರೆ. ಸೂರ್ಯ ಸೇರಿಸಿಕೊಳ್ಳುವುದಿಲ್ಲ.

ನಾನು ಈಗ ಮಾಡುವುದು ಸ್ವಲ್ಪ ಬೇರೆ. ಮಂಜುಗಡ್ಡೆಯ ರಸ್ತೆಯಲ್ಲಿ ಓಡಿಸದವರು ಬಂದರೆ ದಕ್ಷಿಣ ಕರಾವಳಿಗೆ ಬಸ್ಸೇ ಅನ್ನುತ್ತೇನೆ, ಅದರಲ್ಲಿ ರಿಯಾಯಿತಿ ಇಲ್ಲ. ಕಾರಿನಲ್ಲೇ ಹೋಗಬೇಕು ಅಂದರೆ ಹತ್ತಿರದ ಥಿಂಗ್‌ವೆಟ್ಲಿರ್‌ಗೆ ಹೋಗುತ್ತೇವೆ, ಒಂದು ಗಂಟೆಯೂ ಬೇಡ. ಕ್ರಿಸ್ತಶಕ 930ರಲ್ಲಿ ಇಲ್ಲಿನವರು ತಮ್ಮ ಮೊದಲ ಸಭೆ ಸೇರಿದ ಕಣಿವೆ ಅದು. ಅಮ್ಮನನ್ನೂ ಆ ಖಾಲಿ ದಿನದ ಮಧ್ಯಾಹ್ನ ಅಲ್ಲಿಗೇ ಕರೆದುಕೊಂಡು ಹೋಗಿದ್ದೆ.

ಮತ್ತೆ, ಕಾರು ಬಾಡಿಗೆಗೆ ತಂದ ದಿನವೇ ಮನೆ ಮುಂದೆ ನಿಲ್ಲಿಸಿ ಮಕ್ಕಳಿಗೆ ಬಾಗಿಲು ತೆರೆಯುವುದನ್ನು ಕಲಿಸುತ್ತೇನೆ. ಮೊದಲು ಕಿಟಕಿಯಿಂದ ಹೊರಗೆ ನೋಡು, ಹಿಮ ಯಾವ ಕಡೆ ಹಾರ್ತಿದೆ ಹೇಳು. ಆಮೇಲೆ ಎರಡೂ ಕೈ. ಕಳೆದ ಡಿಸೆಂಬರಿನಲ್ಲಿ ಬಂದಿದ್ದ ಆರು ವರ್ಷದ ಹುಡುಗ ಗಾಳಿಯೇ ಇಲ್ಲದ ದಿನವೂ ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿಕೊಂಡು, ಇಷ್ಟಿಷ್ಟೇ ತೆರೆದು ಇಳಿಯುತ್ತಿದ್ದ.